ರೈಲಿಗೆ ಸಮುದ್ರ ತಂದವನು, ಹಡಗಿಗೆ ಪಟ್ಟೆ ಬಳಿದವನು

ರಜೆಗೆ ಊರಿಗೆ ಹೋಗೋವಾಗ ರೈಲಿನಲ್ಲಿ ನಮ್ಮ ಎದುರಿನ ಗೋಡೆ ಮೇಲೆ ಏನಿರುತ್ತೆ ಅಂತ ಒಮ್ಮೆ ನೆನಪಿಸಿಕೊಳ್ಳಿ. ಸೀಟ್ ನಂಬರು, ಕೆಲಸ ಮಾಡದ ಚಾರ್ಜಿಂಗ್ ಪಾಯಿಂಟು, ಕಾರಣವಿಲ್ಲದೆ ಸರಪಳಿ ಎಳೆದರೆ ದಂಡ ಎಂಬ ಎಚ್ಚರಿಕೆ, ಯಾರೋ ಕೀಲಿಕೈಯಲ್ಲಿ ಗೀಚಿದ ಹೃದಯ, ಅದರೊಳಗೆ ಎರಡು ಇನಿಷಿಯಲ್ಲು. ಇಷ್ಟೇ. ಆದರೆ ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ, ಮುಖ್ಯವಾಗಿ 1930ರ ದಶಕದಿಂದ 1950ರ ದಶಕದವರೆಗೆ, ರೈಲು ಡಬ್ಬಿಯ ಒಳಗೆ ಚಿತ್ರಗಳಿರುತ್ತಿದ್ದವು. ಆಗಿನ ಬೋಗಿಗಳು ಸಣ್ಣ ಸಣ್ಣ ಕೋಣೆಗಳಾಗಿ ವಿಂಗಡವಾಗಿದ್ದವು. ಎದುರು ಬದುರು ಎರಡು ಉದ್ದನೆಯ ಸೀಟು, ಕೂತವರ ತಲೆಯ ಮೇಲೆ ಸಾಮಾನಿಡುವ ಬಲೆ, ತಲೆಗೂ ಬಲೆಗೂ ನಡುವೆ ಒಂದು ಅಡ್ಡ ಪಟ್ಟಿಯಷ್ಟು ಜಾಗ. ಆ ಜಾಗದಲ್ಲಿ ಮರದ ಚೌಕಟ್ಟು, ಗಾಜು, ಒಳಗೆ ಸುಮಾರು 10 ಇಂಚು ಎತ್ತರ 20 ಇಂಚು ಅಗಲದ ಒಂದು ಜಲವರ್ಣ ಚಿತ್ರದ ಮುದ್ರಣ. ಒಂದು ಸೇತುವೆ, ಒಂದು ಬಂದರು, ಒಂದು ಹಳೇ ಚರ್ಚು, ಒಂದು ಕಡಲತೀರ. ಎದುರು ಕೂತಿರುವ ಅಪರಿಚಿತನ ಮುಖ ನೋಡೋಕೆ ಸಂಕೋಚ ಆದರೆ ಅವನ ತಲೆ ಮೇಲಿನ ಚಿತ್ರ ನೋಡಬಹುದು. ರೈಲ್ವೆ ಕಂಪನಿಗೂ ಅದೇ ಬೇಕಿತ್ತು. ಈ ಊರಿಗೂ ನಮ್ಮ ರೈಲು ಹೋಗುತ್ತೆ, ಮುಂದಿನ ರಜೆಗೆ ಅಲ್ಲಿಗೆ ಬನ್ನಿ ಅಂತ ಮಾತಾಡದೆ ಹೇಳುವ ಜಾಹೀರಾತು ಅದು.

ಆಮೇಲೆ ಕೋಣೆಗಳಿಲ್ಲದ, ನಡುವೆ ದಾರಿ ಇರುವ ತೆರೆದ ಬೋಗಿಗಳು ಬಂದವು. ಚಿತ್ರ ಹಾಕುವ ಗೋಡೆಯೇ ಇಲ್ಲವಾಯಿತು. ಹಳೇ ಬೋಗಿಗಳು ಗುಜರಿಗೆ ಹೋದವು, ಅವುಗಳ ಜೊತೆ ಎಷ್ಟೋ ಚಿತ್ರಗಳೂ ಹೋದವು. ಉಳಿದವನ್ನು ಈಗ ಸಂಗ್ರಾಹಕರು ದುಡ್ಡು ಸುರಿದು ಕೊಳ್ಳುತ್ತಾರೆ. ಅಷ್ಟು ದುಡ್ಡಿಲ್ಲದವರು ಅವುಗಳ ಮರುಮುದ್ರಣ ತರಿಸಿ, ಫ್ರೇಮು ಹಾಕಿಸಿ ಹಾಲಿನ ಗೋಡೆಗೆ ಹೊಡೆಯುತ್ತಾರೆ. ಡಬ್ಬಿಯ ಒಳಗಿನ ಸಣ್ಣ ಚಿತ್ರಗಳ ಜೊತೆಗೆ ಅದೇ ಕಂಪನಿಗಳು ಸ್ಟೇಷನ್ ಗೋಡೆಗೆ ಹಚ್ಚುತ್ತಿದ್ದ ದೊಡ್ಡ ಪೋಸ್ಟರುಗಳೂ, 40 ಇಂಚು ಎತ್ತರ 50 ಇಂಚು ಅಗಲದವು, ಹೀಗೇ ಕುಗ್ಗಿ ಮನೆ ಸೇರುತ್ತಿವೆ.

ಈ ಮರುಮುದ್ರಣಗಳನ್ನು ನೋಡ್ತಾ ಹೋದ ನಮಗೆ ಒಂದು ಸಹಿ ಪದೇ ಪದೇ ಸಿಕ್ಕಿತು. ನಾರ್ಮನ್ ವಿಲ್ಕಿನ್ಸನ್. ಶಾಂತವಾದ ಸರೋವರ, ಮೋಡ, ಹೊಗೆಯುಗುಳುವ ಹಡಗು, ಕೆಳಗೆ ರೈಲ್ವೆ ಕಂಪನಿಯ ಹೆಸರು. ಯಾರೋ ಪ್ರಕೃತಿ ಪ್ರೇಮಿ ಚಿತ್ರಕಾರ ಇರಬೇಕು ಅಂದುಕೊಂಡು ಇವನ ಜೀವನ ಓದೋಕೆ ಶುರು ಮಾಡಿದೆವು. ಓದ್ತಾ ಓದ್ತಾ ಜಲಾಂತರ್ಗಾಮಿ, ಟಾರ್ಪಿಡೊ, ಟ್ರಿಗನಾಮೆಟ್ರಿ, ಟೈಟಾನಿಕ್, ಒಲಿಂಪಿಕ್ಸ್, ಒಂದು ಪೇಟೆಂಟ್ ಜಗಳದಂಥ ಜಗಳ ಎಲ್ಲ ಎದುರಾಯಿತು. ಡ್ರಾಯಿಂಗ್ ಕ್ಲಾಸಿನಲ್ಲಿ ಐಸೊಮೆಟ್ರಿಕ್ ಪ್ರೊಜೆಕ್ಷನ್ ಹಾಕಿ ಬೆವರಿಳಿಸಿದ ಎಲ್ಲರಿಗೂ ಇವನ ಕತೆ ಹೇಳಲೇಬೇಕು ಅನ್ನಿಸಿತು. (ನ್ಯೂಟನ್, ಫ್ಯಾರಡೆ ಎಲ್ಲರನ್ನೂ ಏಕವಚನದಲ್ಲೇ ಕರೆದು ಅಭ್ಯಾಸ ಆಗಿರೋದ್ರಿಂದ ಇವನನ್ನೂ ಹಾಗೇ ಕರೀತಿದ್ದೇವೆ, ಕ್ಷಮಿಸಿ.)

ವಿಲ್ಕಿನ್ಸನ್ ಹುಟ್ಟಿದ್ದು 1878ರ ನವೆಂಬರ್‌ನಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಓದಿದ್ದು ಬರ್ಕಮ್‌ಸ್ಟೆಡ್ ಶಾಲೆಯಲ್ಲಿ ಮತ್ತು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿಗೆ ಸೇರಿದ ಹಾಡುಗಾರ ಹುಡುಗರ ಶಾಲೆಯಲ್ಲಿ. ಚಿತ್ರಕಲೆ ಕಲಿತದ್ದು ದಕ್ಷಿಣ ತೀರದ ಪೋರ್ಟ್ಸ್‌ಮತ್ ಬಳಿ. ಅದು ಬ್ರಿಟಿಷ್ ನೌಕಾದಳದ ಊರು. ಕಿಟಕಿ ತೆರೆದರೆ ಹಡಗು. ಮನುಷ್ಯರ ಆಕೃತಿ ಬರೆಯೋದನ್ನು ಕಲಿಯೋಣ ಅಂತ 1899ರಲ್ಲಿ ಪ್ಯಾರಿಸ್ಸಿಗೂ ಹೋಗಿ ಬಂದ. ಆದರೆ ಮನಸ್ಸು ಸಮುದ್ರದಲ್ಲೇ ಇತ್ತು. 1898ರ ಹೊತ್ತಿಗಾಗಲೇ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆ ಇವನ ಚಿತ್ರ ತೆಗೆದುಕೊಳ್ಳಲು ಶುರು ಮಾಡಿತ್ತು. ಫೋಟೋ ಮುದ್ರಣ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು. ಹಡಗು ಮುಳುಗಿತು, ಯುದ್ಧ ಆಯಿತು ಅಂದರೆ ಪತ್ರಿಕೆಗೆ ಚಿತ್ರಕಾರ ಬೇಕು. ವಾರ ವಾರ ಗಡುವಿನೊಳಗೆ ಹಡಗು ಬರೆದು ಬರೆದು ಅವನ ಕೈ ಪಳಗಿತು. ಯಾವ ಹಡಗಿಗೆ ಎಷ್ಟು ಕೊಳವೆ, ಅಲೆಯ ಮೇಲೆ ಅದು ಹೇಗೆ ವಾಲುತ್ತೆ, ಮಂಜಿನಲ್ಲಿ ಅದರ ಯಾವ ಭಾಗ ಮೊದಲು ಕಾಣುತ್ತೆ ಅನ್ನೋದೆಲ್ಲ ಆ ದಿನಗಳಲ್ಲಿ ತಲೆಗೆ ಹೋಗಿರಬೇಕು. ಮುಂದೆ ಅದೇ ಕೆಲಸಕ್ಕೆ ಬಂತು.

ರೈಲು ಇವನ ಜೀವನಕ್ಕೆ ಬಂದದ್ದು 1905ರಲ್ಲಿ. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಗೆ ಐರ್ಲೆಂಡಿಗೆ ಹೋಗುವ ಸ್ವಂತ ಹಡಗುಗಳಿದ್ದವು. ಆ ದಾರಿಯ ಜಾಹೀರಾತು ಬೇಕಿತ್ತು. ಆಗಿನ ರೈಲ್ವೆ ಪೋಸ್ಟರುಗಳು ಹೇಗಿರುತ್ತಿದ್ದವು ಅಂದರೆ, ನಮ್ಮ ಕಾಲೇಜ್ ಫೆಸ್ಟಿನ ಪೋಸ್ಟರುಗಳ ಹಾಗೆ. ಮೂಲೆಯಲ್ಲೊಂದು ಕೋಟೆ, ಇನ್ನೊಂದು ಮೂಲೆಯಲ್ಲಿ ಹೋಟೆಲು, ನಡುವೆ ಟೈಮ್ ಟೇಬಲ್ಲು, ಅದರ ಸುತ್ತ ಬಳ್ಳಿ, ಉಳಿದ ಜಾಗದಲ್ಲೆಲ್ಲ ಹತ್ತು ಬಗೆಯ ಅಕ್ಷರ. ಒಂದು ಇಂಚೂ ಖಾಲಿ ಬಿಡಬಾರದು, ದುಡ್ಡು ಕೊಟ್ಟಿದ್ದೇವಲ್ಲ! ವಿಲ್ಕಿನ್ಸನ್ ಅದನ್ನೆಲ್ಲ ಬಿಟ್ಟು, ವಿಶಾಲವಾದ ಸಮುದ್ರ, ಆಕಾಶ, ಒಂದು ಹಡಗು ಬರೆದ. ಅಕ್ಷರಕ್ಕೆ ಸ್ವಲ್ಪವೇ ಜಾಗ ಕೊಟ್ಟ. ಪ್ಲಾಟ್‌ಫಾರ್ಮಿನಲ್ಲಿ ಓಡುತ್ತಿರುವವನಿಗೆ ಇರೋದು ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ದೂರದಿಂದ ಏನು ಕಣ್ಣಿಗೆ ಹೋಗುತ್ತೋ ಅಷ್ಟೇ ಪೋಸ್ಟರು ಅನ್ನೋದು ಅವನ ಲೆಕ್ಕ ಇದ್ದಂತಿದೆ. ಈಗ ಇದು ನಮಗೆ ಮಾಮೂಲು ಅನ್ನಿಸಬಹುದು. ಆಗ ಅದು ಹೊಸದು.

ಲಿಥೊಗ್ರಾಫಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಆ ಪೋಸ್ಟರುಗಳನ್ನು ಮುದ್ರಿಸುತ್ತಿದ್ದದ್ದು ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲೋ ತಗಡೋ ಇಟ್ಟು. ಬಣ್ಣ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಹಾಗಾಗಿ ಪೋಸ್ಟರ್ ಬರೆಯುವವನು ಬೆಟ್ಟವನ್ನು ಮೂರು ಬಣ್ಣದಲ್ಲಿ, ನೀರನ್ನು ಎರಡು ಬಣ್ಣದಲ್ಲಿ ಮುಗಿಸೋದನ್ನು ಕಲಿಯಬೇಕು. ಸಾವಿರ ವಿವರಗಳಿಂದ ಆಕಾರ ತೋರಿಸೋದಲ್ಲ, ಚಪ್ಪಟೆ ಬಣ್ಣದ ದೊಡ್ಡ ತುಂಡುಗಳಿಂದ ಕಣ್ಣಿಗೆ ಆಕಾರ ಇದೆ ಅಂತ ನಂಬಿಸೋದು. ಈ ನಂಬಿಸುವ ವಿದ್ಯೆಯನ್ನು ನೆನಪಿಟ್ಟುಕೊಳ್ಳಿ.

1912ರ ಹೊತ್ತಿಗೆ ವಿಲ್ಕಿನ್ಸನ್ ಎಷ್ಟು ಹೆಸರಾಗಿದ್ದ ಅಂದರೆ ಟೈಟಾನಿಕ್ ಹಡಗಿನ ಮೊದಲ ದರ್ಜೆಯ ಧೂಮಪಾನದ ಕೋಣೆಯಲ್ಲಿ ಬೆಂಕಿಗೂಡಿನ ಮೇಲೆ ಇವನ ತೈಲಚಿತ್ರ ತೂಗುಹಾಕಿದ್ದರು. ಪ್ಲಿಮತ್ ಬಂದರಿನ ಚಿತ್ರ. ಅದೇ ಕಂಪನಿಯ ಇನ್ನೊಂದು ಹಡಗು ಒಲಿಂಪಿಕ್‌ನಲ್ಲಿ ನ್ಯೂಯಾರ್ಕ್ ತಲುಪುವ ದೃಶ್ಯದ ಚಿತ್ರ. ಟೈಟಾನಿಕ್ ಮುಳುಗುವ ಕೊನೆಯ ಗಳಿಗೆಗಳಲ್ಲಿ ಅದನ್ನು ವಿನ್ಯಾಸ ಮಾಡಿದ ಇಂಜಿನಿಯರ್ ಥಾಮಸ್ ಆಂಡ್ರೂಸ್ ಇದೇ ಕೋಣೆಯಲ್ಲಿ ಲೈಫ್ ಜಾಕೆಟ್ ಬಿಟ್ಟು ಸುಮ್ಮನೆ ನಿಂತಿದ್ದ ಅನ್ನೋ ಕತೆ ಪುಸ್ತಕಗಳಲ್ಲೂ ಸಿನಿಮಾಗಳಲ್ಲೂ ಬಂದಿದೆ. ಬಹಳ ವರ್ಷ ಜನ ಅವನ ಮುಂದಿದ್ದದ್ದು ನ್ಯೂಯಾರ್ಕಿನ ಚಿತ್ರ ಅಂತಲೇ ನಂಬಿದ್ದರು. ಹಡಗು ಮುಟ್ಟದೇ ಹೋದ ಊರಿನ ಚಿತ್ರ ನೋಡ್ತಾ ನಿಂತ ಅಂದರೆ ಕತೆ ಚೆನ್ನಾಗಿರುತ್ತಲ್ಲ! ಪ್ಲಿಮತ್ ಅಂದರೆ ಅಷ್ಟು ರೋಚಕ ಅಲ್ಲ. ಅಂತೂ ಅಸಲಿ ಚಿತ್ರ ಅಟ್ಲಾಂಟಿಕ್ ತಳ ಸೇರಿತು. ಮುಂದೆ ವಿಲ್ಕಿನ್ಸನ್‌ನ ಮಗ ಅದರ ನಕಲು ಬರೆದ. ಈಗ ನೋಡಲು ಸಿಗುವುದು ಆ ನಕಲು ಮಾತ್ರ. ಮರುಮುದ್ರಣ, ನಕಲು ಅಂದರೆ ಮೂಗು ಮುರಿಯುವವರಿಗೆ ಇದೊಂದು ಉತ್ತರ.

ಮೊದಲ ಮಹಾಯುದ್ಧ ಶುರುವಾದಾಗ ವಿಲ್ಕಿನ್ಸನ್ ನೌಕಾದಳದ ಸ್ವಯಂಸೇವಕರ ಪಡೆ ಸೇರಿದ. 1915ರಲ್ಲಿ ಟರ್ಕಿಯ ಗಲಿಪೊಲಿ ತೀರದಲ್ಲಿದ್ದ. ಸುವ್ಲಾ ಕೊಲ್ಲಿಯಲ್ಲಿ ಸೈನ್ಯ ಇಳಿಯುವುದನ್ನು ಹಡಗಿನಿಂದ ಕಣ್ಣಾರೆ ಕಂಡು ಸ್ಕೆಚ್ ಮಾಡಿದ, ಆ ಚಿತ್ರಗಳದ್ದೇ ಒಂದು ಪುಸ್ತಕವೂ ಅದೇ ವರ್ಷ ಬಂತು. 1917ಕ್ಕೆ ಪ್ಲಿಮತ್ ಬಳಿಯ ಡೆವನ್‌ಪೋರ್ಟ್‌ಗೆ, ಸಮುದ್ರದ ಮೈನುಗಳನ್ನು ಗುಡಿಸಿ ತೆಗೆಯುವ ದೋಣಿಗಳ ಕೆಲಸಕ್ಕೆ ಬಂದ.

ಆ ವರ್ಷದ ಏಪ್ರಿಲ್ ತಿಂಗಳು ಬ್ರಿಟನ್ನಿಗೆ ಭಯಂಕರವಾಗಿತ್ತು. ಜರ್ಮನಿಯ ಯು-ಬೋಟುಗಳು, ಅಂದರೆ ಜಲಾಂತರ್ಗಾಮಿಗಳು, ದಿನಕ್ಕೆ ಹಲವು ಹಡಗುಗಳ ಲೆಕ್ಕದಲ್ಲಿ ಮುಳುಗಿಸುತ್ತಿದ್ದವು. ಬ್ರಿಟನ್ ದ್ವೀಪ. ಗೋಧಿ ಬರೋದು ಹಡಗಿನಲ್ಲಿ, ಎಣ್ಣೆ ಬರೋದು ಹಡಗಿನಲ್ಲಿ. ಹೀಗೇ ಹೋದರೆ ಕೆಲವೇ ತಿಂಗಳಲ್ಲಿ ದೇಶ ಹಸಿವಿನಿಂದ ಮಂಡಿಯೂರುತ್ತಿತ್ತು. ಹಡಗುಗಳನ್ನು ಅಡಗಿಸೋದು ಹೇಗೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಬೂದು ಬಣ್ಣ, ನೀಲಿ ಬಣ್ಣ, ಕನ್ನಡಿ, ಏನೇನೋ ಯೋಚನೆ. ಆದರೆ ಆಕಾಶದ ಬಣ್ಣ ಗಂಟೆಗೊಂದು ಸಲ ಬದಲಾಗುತ್ತೆ, ಕೊಳವೆಯಿಂದ ಕಪ್ಪು ಹೊಗೆ ಬೇರೆ ಏಳುತ್ತೆ. ಅಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು ಕಾಣದಂತೆ ಮಾಡೋಕೆ ಆಗಲ್ಲ.

ಮೀನು ಹಿಡಿಯೋಕೆ ರಜೆ ಹಾಕಿ ಹೋಗಿ ವಾಪಸ್ ಬರುವಾಗ, ಚಳಿಯ ರೈಲು ಡಬ್ಬಿಯೊಳಗೆ ಕೂತಿದ್ದಾಗ ತನಗೆ ಇದು ಹೊಳೆಯಿತು ಅಂತ ವಿಲ್ಕಿನ್ಸನ್ ಮುಂದೆ ಹೇಳಿಕೊಂಡಿದ್ದಾನೆ. ಅಡಗಿಸೋಕೆ ಆಗದಿದ್ದರೆ ಎದ್ದು ಕಾಣೋ ಹಾಗೆಯೇ ಬಣ್ಣ ಬಳಿಯೋಣ. ಆದರೆ ನೋಡಿದವನಿಗೆ ಆಕಾರ ಅರ್ಥ ಆಗಬಾರದು. ಮೂತಿ ಯಾವುದು, ಬಾಲ ಯಾವುದು, ಯಾವ ಕಡೆ ಹೊರಟಿದೆ ಅಂತ ಗೊಂದಲ ಆಗಬೇಕು.

ಗೊಂದಲದಿಂದ ಏನು ಲಾಭ? ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಟಾರ್ಪಿಡೊ ಬಂದೂಕಿನ ಗುಂಡಲ್ಲ, ನೀರಿನೊಳಗೆ ಓಡುವ ಯಂತ್ರ. ವೇಗ 36 ನಾಟ್ ಅಂತ ಹಿಡಿಯಿರಿ, ಸೆಕೆಂಡಿಗೆ ಸುಮಾರು 18.5 ಮೀಟರ್. ಗುರಿ 1000 ಮೀಟರ್ ದೂರ ಇದ್ದರೆ ತಲುಪೋಕೆ ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಅಷ್ಟರಲ್ಲಿ 10 ನಾಟ್‌ನಲ್ಲಿ ಹೋಗೋ ಸಾಮಾನು ಹಡಗು 280 ಮೀಟರಿನಷ್ಟು ಮುಂದೆ ಹೋಗಿರುತ್ತೆ. ಹಾಗಾಗಿ ಹಡಗು ಈಗ ಇರುವಲ್ಲಿಗೆ ಹೊಡೆದರೆ ಪ್ರಯೋಜನವಿಲ್ಲ, ಒಂದು ನಿಮಿಷದ ನಂತರ ಎಲ್ಲಿರುತ್ತೋ ಅಲ್ಲಿಗೆ ಹೊಡೆಯಬೇಕು. ಅದಕ್ಕೆ ದೂರ, ವೇಗ, ದಿಕ್ಕು ಮೂರೂ ಗೊತ್ತಾಗಬೇಕು. ಯು-ಬೋಟಿನ ಕ್ಯಾಪ್ಟನ್ ಇದನ್ನೆಲ್ಲ ಪೆರಿಸ್ಕೋಪನ್ನು ಕೆಲವು ಸೆಕೆಂಡು ಮೇಲೆತ್ತಿ, ಕಣ್ಣಂದಾಜಿನಲ್ಲಿ ಹಿಡಿಯಬೇಕು. ಜಾಸ್ತಿ ಹೊತ್ತು ಎತ್ತಿದರೆ ತಾನೇ ಸಿಕ್ಕಿಬೀಳುತ್ತಾನೆ. ಈಗ ಹಡಗು ಅಡ್ಡಲಾಗಿ ಹೋಗ್ತಿದೆ ಅಂದುಕೊಂಡು ಗುರಿಯಿಟ್ಟ, ಆದರೆ ಅದು ನಿಜವಾಗಿ 45 ಡಿಗ್ರಿ ಓರೆಯಲ್ಲಿ ಅವನ ಕಡೆಗೇ ಬರ್ತಾ ಇತ್ತು ಅಂದುಕೊಳ್ಳಿ. 100 ಮೀಟರ್ ಉದ್ದದ ಹಡಗಾದರೆ ಟಾರ್ಪಿಡೊ ಅದರ ಮೂತಿಯ ಮುಂದೆ ಹಾದುಹೋಗುತ್ತೆ. ನಾವು ಪೇಪರಿನ ಮೇಲೆ ಲೆಕ್ಕ ಮಾಡಿ ನೋಡಿದೆವು, ನೀವೂ ಮಾಡಿ ನೋಡಿ. ರಿಲೇಟಿವ್ ವೆಲಾಸಿಟಿಯ ಚಂದದ ಪ್ರಾಬ್ಲಮ್ಮು, ಟೆಸ್ಟಿನಲ್ಲಿ ಕೇಳೋದಕ್ಕಿಂತ ಚೆನ್ನಾಗಿದೆ.

ನೌಕಾದಳ ಒಪ್ಪಿತು. ಮೇ 1917ರಲ್ಲಿ ಎಚ್ಎಂಎಸ್ ಇಂಡಸ್ಟ್ರಿ ಅನ್ನೋ ಸಣ್ಣ ಸಾಮಗ್ರಿ ಹಡಗಿಗೆ ಮೊದಲು ಬಣ್ಣ ಬಿತ್ತು. ಆಮೇಲೆ ವಿಲ್ಕಿನ್ಸನ್‌ಗೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಆರ್ಟ್ಸ್ ಕಟ್ಟಡದಲ್ಲಿ ಜಾಗ ಕೊಟ್ಟರು. ಕಲಾವಿದರು, ಕಲಾಶಾಲೆಯ ವಿದ್ಯಾರ್ಥಿಗಳು ಅಂತ ಒಂದು ತಂಡ, ಅದರಲ್ಲಿ ಹೆಣ್ಣುಮಕ್ಕಳೂ ಬಹಳ ಇದ್ದರು. ಅವರು ಕೆಲಸ ಮಾಡುತ್ತಿದ್ದ ರೀತಿ ನೋಡಿದರೆ ನಮ್ಮ ಯಾವ ಲ್ಯಾಬಿಗೂ ಕಮ್ಮಿಯಿಲ್ಲ. ಮೊದಲು ಹಡಗಿನ ಮರದ ಸಣ್ಣ ಮಾದರಿ ಮಾಡೋದು. ಅದಕ್ಕೆ ಪಟ್ಟೆ, ಬಾಗು, ಚೂಪು ತುಂಡುಗಳನ್ನು ಬಳಿಯೋದು. ತಿರುಗುವ ಮೇಜಿನ ಮೇಲಿಟ್ಟು, ಹಿಂದೆ ಬೇರೆ ಬೇರೆ ಆಕಾಶದ ಪರದೆ ಹಾಕಿ, ಪೆರಿಸ್ಕೋಪಿನಿಂದ ನೋಡೋದು. ನೋಡುವವನು ದಿಕ್ಕು ತಪ್ಪು ಹೇಳಿದರೆ ವಿನ್ಯಾಸ ಪಾಸು! ಸರಿ ಹೇಳಿದರೆ ಒರೆಸಿ ಮತ್ತೆ ಬಳಿಯೋದು. ಪಾಸಾದದ್ದನ್ನು ನಕ್ಷೆಗೆ ಇಳಿಸಿ ಬಂದರುಗಳಿಗೆ ಕಳಿಸಿದರೆ ಅಲ್ಲಿನ ಕಲಾವಿದ ಅಧಿಕಾರಿಗಳು ನಿಜವಾದ ಹಡಗಿನ ಮೇಲೆ ಗೆರೆ ಎಳೆಸಿ ಬಣ್ಣ ಹೊಡೆಸುತ್ತಿದ್ದರು. ಎಡವರ್ಡ್ ವಾಡ್ಸ್‌ವರ್ತ್ ಅನ್ನೋ ಆಧುನಿಕ ಚಿತ್ರಕಾರ ಲಿವರ್‌ಪೂಲ್‌ನಲ್ಲಿ ಈ ಕೆಲಸ ಮಾಡಿಸಿದವನು.

ಒಂದು ಹಡಗಿನಂತೆ ಇನ್ನೊಂದಿಲ್ಲ. ಒಂದೇ ಹಡಗಿನ ಎಡಬದಿ ಬಲಬದಿಯೂ ಬೇರೆ ಬೇರೆ. ಶತ್ರು ಒಂದು ವಿನ್ಯಾಸ ಕಲಿತುಬಿಟ್ಟರೆ ಕಷ್ಟ ಅಂತ ಹಾಗೆ ಮಾಡಿದ್ದು. ನಾವು ಈಗ ನೋಡೋ ಫೋಟೋಗಳು ಕಪ್ಪು ಬಿಳುಪು ಆದ್ದರಿಂದ ಜೀಬ್ರಾ ತರ ಕಾಣುತ್ತವೆ. ನಿಜದಲ್ಲಿ ನೀಲಿ, ಹಸಿರು, ಕಪ್ಪು, ಬಿಳಿ, ಬೂದು ಎಲ್ಲ ಇತ್ತು. ಇದಕ್ಕೆ ಡ್ಯಾಝಲ್ ಅಂತ ಹೆಸರು ಬಂತು. ರಾಜ ಐದನೇ ಜಾರ್ಜ್ ಒಮ್ಮೆ ಸ್ಟುಡಿಯೋಗೆ ಬಂದಾಗ ಮಾದರಿ ಹಡಗು ತೋರಿಸಿ ದಿಕ್ಕು ಕೇಳಿದರಂತೆ. ಅವನೇನು ಸಾಮಾನ್ಯನಲ್ಲ, ನೌಕಾದಳದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಆದರೂ ತಪ್ಪು ಹೇಳಿದ ಅನ್ನೋದು ವಿಲ್ಕಿನ್ಸನ್ ಖುಷಿಯಿಂದ ದಾಖಲಿಸಿದ ಪ್ರಸಂಗ. 1918ರ ಆರಂಭದಲ್ಲಿ ವಿಲ್ಕಿನ್ಸನ್ ಅಮೆರಿಕಕ್ಕೂ ಹೋಗಿ ಅಲ್ಲಿನ ನೌಕಾದಳಕ್ಕೆ ಇದೇ ಬಗೆಯ ವಿಭಾಗ ಕಟ್ಟಿಕೊಳ್ಳಲು ಸಹಾಯ ಮಾಡಿದ. ಅದೇ ವರ್ಷ, ಮಾದರಿಗಳಿಗೆ ಬಣ್ಣ ಹಚ್ಚುವ ತಂಡದಲ್ಲಿದ್ದ ಎವೆಲಿನ್ ಮೆಕೆಂಝಿಯನ್ನು ಮದುವೆಯಾದ. ಯುದ್ಧ ಮುಗಿಯುವ ಹೊತ್ತಿಗೆ 4 ಸಾವಿರಕ್ಕೂ ಹೆಚ್ಚು ಬ್ರಿಟಿಷ್ ವ್ಯಾಪಾರಿ ಹಡಗುಗಳು ಪಟ್ಟೆ ಉಟ್ಟು ತಿರುಗುತ್ತಿದ್ದವು.

ಈಗ ಕಷ್ಟದ ಪ್ರಶ್ನೆ. ಇದು ಕೆಲಸ ಮಾಡಿತಾ?

ನೌಕಾದಳದ್ದೇ ಸಮಿತಿ 1918ರಲ್ಲಿ ಅಂಕಿ ಅಂಶ ನೋಡಿತು. ಪಟ್ಟೆ ಹೊಡೆದ ಹಡಗುಗಳು ಕಡಿಮೆ ಮುಳುಗಿದವು ಅಂತ ಖಚಿತವಾಗಿ ಹೇಳೋಕೆ ಆಗಲಿಲ್ಲ. ನಷ್ಟವೇನೂ ಇಲ್ಲ, ಹಡಗಿನವರಿಗೆ ಧೈರ್ಯ ಬಂದಿದೆ, ಮುಂದುವರಿಸಬಹುದು ಅನ್ನೋ ಧಾಟಿಯಲ್ಲಿ ಮುಗಿಸಿದರು. ಕಷ್ಟ ಏನಂದರೆ, ಅದೇ ಹೊತ್ತಿಗೆ ಹಡಗುಗಳು ಒಂಟಿಯಾಗಿ ಹೋಗೋದು ಬಿಟ್ಟು ಕಾವಲಿನೊಂದಿಗೆ ಗುಂಪಾಗಿ ಹೋಗಲು ಶುರು ಮಾಡಿದ್ದವು. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯ್ತು ಅಂತ ಹೇಗೆ ಹೇಳ್ತೀರಿ? ಲ್ಯಾಬಿನಲ್ಲಿ ಎರಡು ನಾಬ್ ಒಟ್ಟಿಗೆ ತಿರುಗಿಸಿ ಬೈಸಿಕೊಂಡವರಿಗೆ ಇದು ಅರ್ಥ ಆಗುತ್ತೆ.

1919ರಲ್ಲಿ ಅಮೆರಿಕದ ಎಂಐಟಿಯಲ್ಲಿ ಲಿಯೊ ಬ್ಲಾಜೆಟ್ ಅನ್ನೋ ವಿದ್ಯಾರ್ಥಿ ಇದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಿದ. ಮಾದರಿ ಹಡಗುಗಳಿಗೆ ಪಟ್ಟೆ ಬಳಿದು, ಪೆರಿಸ್ಕೋಪಿನಿಂದ ನೋಡಿಸಿ, ಜನ ಎಷ್ಟು ಡಿಗ್ರಿ ತಪ್ಪು ಹೇಳುತ್ತಾರೆ ಅಂತ ಅಳೆದ. ತಪ್ಪು ದೊಡ್ಡದಾಗಿಯೇ ಬಂತು. ನೂರು ವರ್ಷದ ನಂತರ ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಆ ಥೀಸಿಸ್ ಕೈಗೆತ್ತಿಕೊಂಡು, ಅವನ ಚಿತ್ರಗಳಲ್ಲಿ ಪಟ್ಟೆ ಅಳಿಸಿದ ಆವೃತ್ತಿಯನ್ನೂ ಮಾಡಿ ಹೋಲಿಸಿದರು. ಆಗ ಗೊತ್ತಾದದ್ದು, ತಪ್ಪಿನ ದೊಡ್ಡ ಪಾಲು ಪಟ್ಟೆಯಿಂದ ಬಂದದ್ದೇ ಅಲ್ಲ ಅಂತ. ದೂರದ ಹಡಗು ಯಾವ ಕಡೆ ಹೊರಟಿದ್ದರೂ ಅದು ದಿಗಂತದ ಗೆರೆಯಗುಂಟವೇ ಹೋಗ್ತಿದೆ ಅಂತ ನಮ್ಮ ಕಣ್ಣು ಅಂದುಕೊಂಡುಬಿಡುತ್ತೆ. ಪಟ್ಟೆ ಅದರ ಮೇಲೆ ಸ್ವಲ್ಪ ಸೇರಿಸುತ್ತೆ, ಅಷ್ಟೇ. ಬ್ಲಾಜೆಟ್‌ನ ಪ್ರಯೋಗದಲ್ಲಿ ಹೋಲಿಕೆಗೆ ಬೇಕಾದ ಪಟ್ಟೆಯಿಲ್ಲದ ಭಾಗ ಸರಿಯಾಗಿ ಇರಲಿಲ್ಲ. ವೈವಾದಲ್ಲಿ ಯಾರೂ ಕೇಳಲಿಲ್ಲವೋ ಏನೋ.

ನಮಗೆ ಅನ್ನಿಸೋದು, ಇಷ್ಟರಿಂದ ವಿಲ್ಕಿನ್ಸನ್ ಸೋತ ಅಂತ ಹೇಳೋಕಾಗಲ್ಲ. ಪ್ರಶ್ನೆಯನ್ನು ಅವನು ಸರಿಯಾಗಿ ಹಿಡಿದ. ಎಲ್ಲರೂ ಕಾಣಿಸದಿರೋದು ಹೇಗೆ ಅಂತ ಕೇಳ್ತಿದ್ದಾಗ ಇವನು ಶತ್ರುವಿಗೆ ಯಾವ ಅಳತೆ ಬೇಕು, ಅದನ್ನು ಕೆಡಿಸೋದು ಹೇಗೆ ಅಂತ ಕೇಳಿದ. ಉತ್ತರ ಅಂದುಕೊಂಡಷ್ಟು ಬಲವಾಗಿರಲಿಲ್ಲ, ನಿಜ.

ಜಗಳದ ವಿಷಯಕ್ಕೆ ಬರೋಣ. ಯುದ್ಧ ಮುಗಿದ ಮೇಲೆ ಸಂಶೋಧಕರಿಗೆ ಬಹುಮಾನ ಕೊಡುವ ರಾಜ ಆಯೋಗದ ಮುಂದೆ ವಿಲ್ಕಿನ್ಸನ್ ಅರ್ಜಿ ಹಾಕಿದ. ಆಗ ಎದುರು ನಿಂತವರಲ್ಲಿ ಮುಖ್ಯನಾದವನು ಜಾನ್ ಗ್ರಹಾಂ ಕೆರ್, ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಪ್ರೊಫೆಸರ್. ಜೀಬ್ರಾ, ಜಿರಾಫೆಗಳ ಮೈಮೇಲಿನ ಗುರುತುಗಳು ಆಕಾರವನ್ನು ಒಡೆಯುವ ಹಾಗೆ ಹಡಗಿಗೂ ಬಣ್ಣ ಬಳಿಯಬಹುದು ಅಂತ ಅವನು 1914ರಲ್ಲೇ ನೌಕಾದಳದ ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್‌ಗೆ ಪತ್ರ ಬರೆದಿದ್ದ. ಆಗ ಸ್ವಲ್ಪ ಪ್ರಯತ್ನ ನಡೆದು ನಿಂತುಹೋಗಿತ್ತು. ಮೂರು ವರ್ಷ ಆದ ಮೇಲೆ ಒಬ್ಬ ಪೋಸ್ಟರ್ ಬರೆಯುವವನು ಬಂದು ಅದೇ ತರದ ಬಣ್ಣ ಬಳಿದು ಹೆಸರು ಮಾಡಿದರೆ ಪ್ರೊಫೆಸರಿಗೆ ಹೇಗಾಗಬೇಡ! ಕೆರ್ ಬೇಜಾರು ಸುಳ್ಳಲ್ಲ. ಆದರೆ ಅವನ ಗುರಿ ಹಡಗು ಕಣ್ಣಿಗೆ ಸರಿಯಾಗಿ ಸಿಗದಂತೆ ಮಾಡೋದು. ವಿಲ್ಕಿನ್ಸನ್ ಗುರಿ ಹಡಗು ಕಂಡರೂ ದಿಕ್ಕು ತಪ್ಪಿಸೋದು. ಬಣ್ಣ ಒಂದೇ ತರ ಕಂಡರೂ ಲೆಕ್ಕ ಬೇರೆ. ಆಯೋಗ ವಿಲ್ಕಿನ್ಸನ್ ಪರವಾಗಿ ತೀರ್ಪು ಕೊಟ್ಟು 2000 ಪೌಂಡ್ ಬಹುಮಾನ ಕೊಟ್ಟಿತು. ಕೆರ್‌ಗೆ ಏನೂ ಸಿಗಲಿಲ್ಲ. ಐಡಿಯಾ ಮೊದಲು ಹೇಳಿದವನಾ, ತಿರುಗುವ ಮೇಜು ಹಾಕಿ ಪರೀಕ್ಷಿಸಿ 4 ಸಾವಿರ ಹಡಗಿಗೆ ಮುಟ್ಟಿಸಿದವನಾ ಅನ್ನೋದು ಈಗಲೂ ನಮ್ಮ ಪ್ರಾಜೆಕ್ಟ್ ಗುಂಪುಗಳಲ್ಲಿ ನಡೆಯೋ ಜಗಳವೇ. ನಮ್ಮಲ್ಲೇ ಈ ಬಗ್ಗೆ ಎರಡು ಪಕ್ಷ ಆಯಿತು, ಈ ಲೇಖನ ಬರೆಯುವಾಗಲೂ ಒಂದಾಗಲಿಲ್ಲ.

ಮತ್ತೆ ರೈಲಿಗೆ. 1923ರಲ್ಲಿ ಬ್ರಿಟನ್ನಿನ ನೂರಕ್ಕೂ ಹೆಚ್ಚು ರೈಲ್ವೆ ಕಂಪನಿಗಳನ್ನು ಸೇರಿಸಿ ನಾಲ್ಕು ದೊಡ್ಡ ಕಂಪನಿ ಮಾಡಿದರು. ಅದರಲ್ಲಿ ಒಂದು ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್, ಚಿಕ್ಕದಾಗಿ ಎಲ್ಎಂಎಸ್. ಹೊಸ ಕಂಪನಿಗೆ ಹೊಸ ಮುಖ ಬೇಕು. ವಿಲ್ಕಿನ್ಸನ್ ಕೊಟ್ಟ ಸಲಹೆ ಧೈರ್ಯದ್ದು. ರಾಯಲ್ ಅಕಾಡೆಮಿಯ ದೊಡ್ಡ ದೊಡ್ಡ ಚಿತ್ರಕಾರರಿಂದಲೇ ಪೋಸ್ಟರ್ ಬರೆಸೋಣ ಅಂತ. ಗ್ಯಾಲರಿಯಲ್ಲಿ ಶ್ರೀಮಂತರಿಗೆ ತೋರಿಸುವವರು ಪ್ಲಾಟ್‌ಫಾರ್ಮಿನ ಗೋಡೆಗೆ ಬರೆಯೋದಾ ಅನ್ನೋ ಕಾಲ ಅದು. ಆದರೂ ಅವರು ಬಂದರು. 1924ರಿಂದ ಆ ಸಾಲು ಹೊರಬಂತು. ಸ್ಟಾನ್‌ಹೋಪ್ ಫೋರ್ಬ್ಸ್ ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್‌ಗಳನ್ನು ಬರೆದ. ವಿಲಿಯಂ ಆರ್ಪೆನ್ ರಾತ್ರಿ ಮೇಲ್ ರೈಲಿನ ಇಂಜಿನ್ ನಡೆಸುವವರನ್ನು ಬರೆದ. ಜಾರ್ಜ್ ಕ್ಲಾಸೆನ್ ಕಲ್ಲಿದ್ದಲು ಉದ್ಯಮವನ್ನು, ಕೇಲಿ ರಾಬಿನ್ಸನ್ ಹತ್ತಿ ಗಿರಣಿಯನ್ನು. ಟಿಕೆಟ್ಟಿಗೆ ಕಾಯುತ್ತಾ ನಿಂತ ಗಿರಣಿ ಕೆಲಸಗಾರನಿಗೂ ದುಡ್ಡಿಲ್ಲದೆ ದೊಡ್ಡ ಚಿತ್ರಕಾರರ ಕೆಲಸ ನೋಡಲು ಸಿಕ್ಕಿತು, ಅದೂ ಎಷ್ಟೋ ಸಲ ಅವನದೇ ಬದುಕಿನ ಚಿತ್ರ. ಇದನ್ನು ನಾವು ಪಟ್ಟೆ ಹಡಗಿಗಿಂತ ಒಂದು ಕೈ ಮೇಲಿಡುತ್ತೇವೆ.

ತಮಾಷೆ ಅಂದರೆ, ರಾಯಲ್ ಅಕಾಡೆಮಿಯ ಕಟ್ಟಡದಲ್ಲಿ ಕೂತು ಯುದ್ಧದ ಕೆಲಸ ಮಾಡಿದ, ಅಕಾಡೆಮಿಯ ಸದಸ್ಯರನ್ನು ಸ್ಟೇಷನ್ನಿಗೆ ಕರೆತಂದ ವಿಲ್ಕಿನ್ಸನ್ ಸ್ವತಃ ಅದರ ಸದಸ್ಯ ಆಗಲೇ ಇಲ್ಲ. ಜಲವರ್ಣ ಚಿತ್ರಕಾರರ ರಾಯಲ್ ಇನ್‌ಸ್ಟಿಟ್ಯೂಟ್ ಮಾತ್ರ 1936ರಲ್ಲಿ ಅಧ್ಯಕ್ಷನನ್ನಾಗಿ ಮಾಡಿ 1963ರವರೆಗೂ ಬಿಡಲಿಲ್ಲ.

ಎಲ್ಎಂಎಸ್‌ಗೆ ಇವನು ತಾನೂ ರಾಶಿ ಪೋಸ್ಟರ್ ಬರೆದ. ಬೆಟ್ಟ, ಸರೋವರ ಮಾತ್ರ ಅಲ್ಲ. ಸ್ಕಾಟ್ಲೆಂಡಿನ ಗ್ರೇಂಜ್‌ಮತ್ ಬಂದರಿನಲ್ಲಿ ಸರಕು ಇಳಿಸುವ ಕ್ರೇನುಗಳ ಚಿತ್ರವೂ ಇದೆ. ರೈಲು ದಾರಿಯಲ್ಲಿ ಸಿಗುವ ಹೆಸರಾಂತ ಶಾಲೆಗಳ ಒಂದು ಸಾಲೂ ಇದೆ. ಇದೇ ಕಾಲದಲ್ಲಿ ನಾರ್ಮನ್ ವಿಲ್ಕಿನ್ಸನ್ ಅನ್ನೋ ಹೆಸರಿನ ಇನ್ನೊಬ್ಬ ಇದ್ದ, ನಾಟಕದ ರಂಗಸಜ್ಜಿಕೆ ಮಾಡುವವನು. ಗೊಂದಲ ಬೇಡ ಅಂತ ಅವನು ತನ್ನ ಹೆಸರಿನ ಜೊತೆ ಫೋರ್ ಓಕ್ಸ್ ಅನ್ನೋ ಊರಿನ ಹೆಸರು ಸೇರಿಸಿಕೊಂಡ. ನಮ್ಮ ಕಡೆ ಒಂದೇ ಕ್ಲಾಸಿನಲ್ಲಿ ಇಬ್ಬರು ಮಂಜುನಾಥ ಇದ್ದರೆ ಊರು ಸೇರಿಸಿ ಕರೆಯುವ ಹಾಗೇ. ಮರುಮುದ್ರಣ ಮಾರುವವರು ಈಗಲೂ ಇವರಿಬ್ಬರನ್ನು ಕಲಸಿಬಿಡಬಹುದು, ಕೊಳ್ಳುವವರು ಹುಷಾರು. ಇನ್ನೊಂದು ವಿಷಯ, ಆಗ ಒಲಿಂಪಿಕ್ಸ್‌ನಲ್ಲಿ ಕಲಾ ಸ್ಪರ್ಧೆಗಳೂ ಇದ್ದವು. ಸಮುದ್ರದ ವಿಲ್ಕಿನ್ಸನ್ 1928ರಲ್ಲೂ 1948ರಲ್ಲೂ ಭಾಗವಹಿಸಿದ. ಪದಕ ಬರಲಿಲ್ಲ.

ಎರಡನೇ ಮಹಾಯುದ್ಧ ಬಂದಾಗ ಅವನಿಗೆ 60 ದಾಟಿತ್ತು. ಈ ಸಲ ವಾಯುದಳ ಕರೆಯಿತು, ವಿಮಾನ ನಿಲ್ದಾಣಗಳನ್ನು ಮೇಲಿಂದ ಕಾಣದಂತೆ ಮರೆಮಾಚುವ ಕೆಲಸಕ್ಕೆ. ಅಂದರೆ ಹಿಂದಿನ ಯುದ್ಧದಲ್ಲಿ ಆಗಲ್ಲ ಅಂದಿದ್ದ ಕೆಲಸವನ್ನೇ ಈಗ ಮಾಡಬೇಕಾಯಿತು. ನೆಲ ಹಡಗಿನಂತೆ ಓಡಾಡಲ್ಲವಲ್ಲ, ಅಲ್ಲಿ ಅಡಗಿಸಬಹುದು. ಜೂನ್ 1944ರಲ್ಲಿ ನಾರ್ಮಂಡಿ ತೀರದಲ್ಲಿ ಸೈನ್ಯ ಇಳಿದ ದಿನ ಎಚ್ಎಂಎಸ್ ಜರ್ವಿಸ್ ಹಡಗಿನ ಮೇಲೆ ಸ್ಕೆಚ್ ಪುಸ್ತಕ ಹಿಡಿದು ಹಾಜರಿದ್ದ. ವಯಸ್ಸು 65. ಸಮುದ್ರದ ಯುದ್ಧದ 54 ಚಿತ್ರಗಳ ಸಾಲೊಂದನ್ನು ಬರೆದು ಮಾರದೆ ದೇಶಕ್ಕೆ ಕೊಟ್ಟುಬಿಟ್ಟ. ಅವು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಸೇರಿದವು.

1948ರಲ್ಲಿ ನಾಲ್ಕು ಕಂಪನಿಗಳೂ ಸರ್ಕಾರದ ಬ್ರಿಟಿಷ್ ರೈಲ್ವೇಸ್ ಆದವು. ಡಬ್ಬಿಯೊಳಗಿನ ಚಿತ್ರಗಳಿಗೆ ಅದೇ ಕೊನೆಯ ಸುಗ್ಗಿ. ಕಾರುಗಳು ಹೆಚ್ಚಿದವು, ಪೋಸ್ಟರುಗಳಲ್ಲಿ ಕುಂಚದ ಜಾಗಕ್ಕೆ ಫೋಟೋ ಬಂತು, ಬೋಗಿಗಳು ಬದಲಾದವು. ವಿಲ್ಕಿನ್ಸನ್ ಇದನ್ನೆಲ್ಲ ನೋಡಿದ. 1969ರಲ್ಲಿ, 90 ದಾಟಿದ ಮೇಲೆ ಆತ್ಮಕತೆ ಪ್ರಕಟಿಸಿದ. ಮೇ 1971ರಲ್ಲಿ ತೀರಿಕೊಂಡ.

ಅವನ ಪೋಸ್ಟರುಗಳು ಕಾಗದದವು. ಸ್ಟೇಷನ್ ಗೋಡೆಗೆ ಗೋಂದು ಹಚ್ಚಿ ಅಂಟಿಸಿ, ಕೆಲವು ವಾರ ಬಿಟ್ಟು ಅದರ ಮೇಲೆ ಇನ್ನೊಂದು ಅಂಟಿಸುತ್ತಿದ್ದರು. ಉಳಿದವು ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂನಂಥ ಕಡೆ ಬೆಳಕು ತಾಗದ ಪೆಟ್ಟಿಗೆಗಳಲ್ಲಿವೆ. ಉಳಿದಂತೆ ಅವನ ಸರೋವರಗಳು ಇರೋದು ಜನರ ಮನೆಗಳಲ್ಲಿ, ನಕಲಾಗಿ, ಸೋಫಾದ ಮೇಲೆ, ಡೈನಿಂಗ್ ಟೇಬಲ್ಲಿನ ಪಕ್ಕ. ನೀವೂ ಹಾಸ್ಟೆಲ್ ರೂಮಿಗೆ ಒಂದು ತರಿಸೋದಾದರೆ ಅಂಚಿನ ಅಕ್ಷರ ಕತ್ತರಿಸದ, ಕಂಪನಿಯ ಹೆಸರು ಕೆಳಗೆ ಪೂರ್ತಿ ಇರುವುದನ್ನೇ ತರಿಸಿ. ಅದು ಜಾಹೀರಾತು ಅಂತ ಗೊತ್ತಾಗುವ ಹಾಗೆ ಇರಲಿ. ಹಡಗು ಇರುವ ಚಿತ್ರವಾದರೆ ರೂಮ್‌ಮೇಟ್‌ನನ್ನು ಬಾಗಿಲ ಹತ್ತಿರ ನಿಲ್ಲಿಸಿ ಕೇಳಿ, ಅದು ಯಾವ ಕಡೆ ಹೊರಟಿದೆ ಅಂತ.